ನರ್ಗಿಸಿ ಕೋಫ್ತಾ: ಹಬ್ಬದ ಆರ್ಡರ್ ಹಿಡಿಯುವ ಮೊದಲು ಕಲಿಯಬೇಕಾದ ಪಾಠ



ಭೋಸರಿಯಲ್ಲಿ ಹೋಟೆಲ್ ನಡೆಸುವ ನಮಗೆ ಹಬ್ಬ ಎಂದರೆ ರಜೆಯಲ್ಲ, ದುಡಿಮೆ. ನಮ್ಮ ಕರಾವಳಿಯ ಮನೆಗಳಲ್ಲಿ ಆಟಿ ಅಮಾವಾಸ್ಯೆಯ ಕಹಿ ಕಷಾಯ ಕುಡಿಯುವ ಹೊತ್ತಿಗೆ ಇಲ್ಲಿ ಗಟಾರಿಯ ಗದ್ದಲ. ಶ್ರಾವಣ ಕಾಲಿಡುವ ಮೊದಲು ಒಮ್ಮೆ ಹೊಟ್ಟೆ ತುಂಬ ಮಾಂಸದೂಟ ಮಾಡಬೇಕೆಂದು ಗಿರಾಕಿಗಳು ಸಾಲು ನಿಲ್ಲುತ್ತಾರೆ. ಆಮೇಲೆ ರಂಜಾನ್ ಈದ್, ಬಕ್ರೀದ್, ಕೊನೆಗೆ ಡಿಸೆಂಬರ್ 31. ಎಂಐಡಿಸಿಯ ಕಾರ್ಖಾನೆಗಳಲ್ಲಿ ದುಡಿಯಲು ಉತ್ತರದ ರಾಜ್ಯಗಳಿಂದ ಬಂದವರು ಬಹಳ. ಅವರು ಹಬ್ಬದ ಆರ್ಡರ್ ಕೊಡುವಾಗ ಬಿರಿಯಾನಿ, ಖೋರ್ಮಾ ಎಂದು ಹೇಳಿ ಮುಗಿಸಿ, ಎದ್ದು ಹೋಗುವಾಗ ಒಂದು ಮಾತು ಸೇರಿಸುತ್ತಾರೆ: 'ನರ್ಗಿಸಿ ಕೋಫ್ತಾ ಕೂಡ ಮಾಡಿಕೊಡಿ ಅಣ್ಣಾ.'

ನಾವೂ ಗಲ್ಲಾದಲ್ಲಿ ಕುಳಿತು ತಲೆಯಾಡಿಸಿಬಿಡುತ್ತೇವೆ. ಮೊಟ್ಟೆ ಬೇಯಿಸುವುದು, ಖೀಮಾ ಮೆತ್ತುವುದು, ಕರಿಯುವುದು, ಇದರಲ್ಲಿ ಏನು ಮಹಾ ಎಂದುಕೊಳ್ಳುತ್ತೇವೆ. ನಾನೂ ಹಾಗೆಯೇ ಅಂದುಕೊಂಡು ಕೈ ಸುಟ್ಟುಕೊಂಡವನು. ಆ ಅನುಭವದಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ಖಾದ್ಯ ಕೆಡುವುದು ಕಡಾಯಿಯಲ್ಲಿ ಅಲ್ಲ, ವಾರದ ಹಿಂದೆ ಮೊಟ್ಟೆ ಕೊಳ್ಳುವಾಗ.

ಹೆಸರಿನಲ್ಲೇ ಇರುವ ಷರತ್ತು

ನರ್ಗಿಸ್ ಎಂಬುದು ಪರ್ಷಿಯನ್ ಭಾಷೆಯಲ್ಲಿ ಒಂದು ಹೂವಿನ ಹೆಸರು. ಬಿಳಿ ಎಸಳು, ನಡುವೆ ಹಳದಿ. ಬೇಯಿಸಿದ ಮೊಟ್ಟೆಗೆ ಖೀಮಾದ ಹೊದಿಕೆ ಹಾಕಿ ಕರಿದು ಎರಡು ಹೋಳು ಮಾಡಿದರೆ ಆ ಹೂವು ಕಾಣಬೇಕು. ಮೊಗಲಾಯಿ ಅಡುಗೆಯ ಈ ಕೋಫ್ತಾವನ್ನೇ ನೋಡಿ ಇಂಗ್ಲೆಂಡಿನ ಸ್ಕಾಚ್ ಎಗ್ ಹುಟ್ಟಿತು ಎನ್ನುವವರಿದ್ದಾರೆ. ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಅಂಗಡಿಯವರು 1738ರಲ್ಲಿ ಅದನ್ನು ಮೊದಲು ಮಾಡಿದ್ದು ತಾವೇ ಎಂದು ಹೇಳಿಕೊಳ್ಳುತ್ತಾರೆ. ಅದು ಅವರವರ ವಾದ. ನಮಗೆ ಬೇಕಾದದ್ದು ಇಷ್ಟೇ: ಗಿರಾಕಿ ಹಣ ಕೊಡುವುದು ಹೋಳಿನ ಅಂದಕ್ಕೆ. ಹಳದಿ ಒಂದು ಬದಿಗೆ ಸರಿದಿದ್ದರೆ, ಬಿಳಿಯಲ್ಲಿ ಗುಂಡಿ ಬಿದ್ದಿದ್ದರೆ, ಖೀಮಾ ಬಿರಿದು ಬೇರೆಯಾಗಿದ್ದರೆ ರುಚಿ ಎಷ್ಟೇ ಚೆನ್ನಾಗಿದ್ದರೂ ಅದು ನರ್ಗಿಸಿ ಅಲ್ಲ, ಖೀಮಾ ಅಂಡಾ.

ನಾನು ಎಡವಿದ ಆರ್ಡರ್

ಭೋಸರಿಗೆ ಬಂದು ಎರಡನೆಯ ವರ್ಷ. ವರ್ಕ್‌ಶಾಪ್ ಒಂದರ ಫೋರ್‌ಮನ್ ದಿನವೂ ನಮ್ಮಲ್ಲಿ ಚಹಾ ಕುಡಿಯುತ್ತಿದ್ದರು. ಈದ್ ದಿನ ಮನೆಗೆ ಬರುವ ನೆಂಟರಿಗೆಂದು 240 ಕೋಫ್ತಾ ಹೇಳಿದರು. ನಾನು ಲೆಕ್ಕ ಹಾಕಿ ಸರಿಯಾಗಿ ಎಂಟು ಟ್ರೇ ಮೊಟ್ಟೆ ತರಿಸಿದೆ. ತಾಜಾ ಮಾಲೇ ಬೇಕೆಂದು ವ್ಯಾಪಾರಿಯ ಹತ್ತಿರ ಹಟ ಹಿಡಿದು, ಹಿಂದಿನ ದಿನ ಫಾರಂನಿಂದ ಬಂದದ್ದನ್ನೇ ಆರಿಸಿದೆ. ಒಳ್ಳೆಯ ಸಾಮಾನು ಹಾಕುತ್ತಿದ್ದೇನೆ ಎಂಬ ಹೆಮ್ಮೆ ಬೇರೆ.

ಈದ್ ಹಿಂದಿನ ರಾತ್ರಿ ಸಿಪ್ಪೆ ಸುಲಿಯಲು ಕುಳಿತರೆ ಸಿಪ್ಪೆಯ ಜೊತೆಗೆ ಬಿಳಿಯೂ ಕಿತ್ತು ಬಂತು. ನಾಲ್ಕು ಹುಡುಗರು ಎರಡು ಗಂಟೆಯ ತನಕ ಕುಳಿತರೂ ಚೆನ್ನಾಗಿ ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಿಕ್ಕವನ್ನು ಖೀಮಾದಲ್ಲಿ ಮುಚ್ಚಿದೆವು. ಖೀಮಾ ಮೆತ್ತಗಾಗಲಿ ಎಂದು ನಮ್ಮ ಅಡುಗೆಯವನು ತಂದೂರಿಗೆ ಹಾಕುವಂತೆ ಪಪಾಯಿಕಾಯಿ ಅರೆದು ಹಾಕಿದ್ದ. ಹೊತ್ತು ಮೀರಿತೆಂದು ಉರಿ ಜೋರು ಮಾಡಿ ಕರಿದೆವು. ಗ್ರೇವಿಯಲ್ಲಿ ಮುಳುಗಿಸಿ ದೊಡ್ಡ ಪಾತೇಲಿಯಲ್ಲಿ ಟೆಂಪೋ ಹತ್ತಿಸಿದೆವು. ಮನೆ ಮುಟ್ಟುವಾಗ ಖೀಮಾ ಒಂದು ಕಡೆ, ಮೊಟ್ಟೆ ಒಂದು ಕಡೆ.

ಮೂರನೆಯ ದಿನ ಅವರು ಪಾತೇಲಿ ತೊಳೆದು ತಂದುಕೊಟ್ಟರು. ಬಾಕಿ ಹಣವನ್ನು ಒಂದು ರೂಪಾಯಿ ಕಡಿಮೆ ಮಾಡದೆ ಎಣಿಸಿ ಇಟ್ಟರು. 'ರುಚಿ ಚೆನ್ನಾಗಿತ್ತು ಅಣ್ಣಾ' ಎಂದರು. ಬೈದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. ಚಹಾಕ್ಕೆ ಆಮೇಲೂ ಬರುತ್ತಿದ್ದರು. ಮುಂದಿನ ಈದ್‌ಗೆ ಆರ್ಡರ್ ಮಾತ್ರ ಬೇರೆ ಕಡೆ ಹೋಯಿತು.

ತಪ್ಪು ಒಂದಲ್ಲ, ನಾಲ್ಕು. ನಾಲ್ಕೂ ನನ್ನದೇ. ಒಂದೊಂದಾಗಿ ನೋಡೋಣ.

ಮೊದಲನೆಯ ಪಾಠ: ಮೊಟ್ಟೆಯ ವಯಸ್ಸು

ತಾಜಾ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಆಗ ಬಿಳಿಯ ಕ್ಷಾರಗುಣ ಕಡಿಮೆ, ಪಿಎಚ್ ಸುಮಾರು 7.6ರಿಂದ 8. ದಿನ ಕಳೆದಂತೆ ಆ ಅನಿಲ ಚಿಪ್ಪಿನ ಸಣ್ಣ ರಂಧ್ರಗಳಿಂದ ಹೊರಗೆ ಹೋಗಿ ಪಿಎಚ್ 9ರ ಮೇಲೇರುತ್ತದೆ. ಪಿಎಚ್ ಕಡಿಮೆ ಇರುವಾಗ ಬೇಯಿಸಿದರೆ ಬಿಳಿಯು ಚಿಪ್ಪಿನ ಒಳಪೊರೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲೆಟ್ಟಿಗೆ, ಬುರ್ಜಿಗೆ ತಾಜಾ ಮೊಟ್ಟೆ ಶ್ರೇಷ್ಠ. ಸಿಪ್ಪೆ ಸುಲಿಯುವ ಕೆಲಸಕ್ಕೆ ಅದೇ ಶತ್ರು.

ಹಾಗೆಂದು ತೀರಾ ಹಳೆಯದೂ ಬೇಡ. ಮೊಟ್ಟೆ ಹಳೆಯದಾದಂತೆ ಬಿಳಿ ನೀರಾಗುತ್ತದೆ, ಹಳದಿಯನ್ನು ನಡುವೆ ಹಿಡಿದಿಡುವ ಎಳೆಗಳು ಸಡಿಲವಾಗುತ್ತವೆ. ಹಳದಿ ಮೇಲಕ್ಕೆ ತೇಲಿ ಚಿಪ್ಪಿನ ಹತ್ತಿರ ಹೋಗಿ ನಿಲ್ಲುತ್ತದೆ. ಸಿಪ್ಪೆ ಸುಲಭವಾಗಿ ಬಂದರೂ ಹೋಳು ಮಾಡಿದಾಗ ಹೂವು ಕಾಣುವುದಿಲ್ಲ. ಒಂದು ಬೇಡಿಕೆ ಹಳೆಯ ಮೊಟ್ಟೆ ಕೇಳುತ್ತದೆ, ಇನ್ನೊಂದು ಹೊಸತನ್ನು ಕೇಳುತ್ತದೆ. ಈ ಖಾದ್ಯದ ನಿಜವಾದ ಕಷ್ಟ ಇದೇ.

ನಡುವಿನ ದಾರಿ ಹೀಗೆ:

1. ಆರ್ಡರಿಗೆ 7ರಿಂದ 10 ದಿನ ಮೊದಲು ಮೊಟ್ಟೆ ತಂದು ಫ್ರಿಜ್ಜಿನಲ್ಲಿಡಿ. ಟ್ರೇ ಮೇಲೆ ದಿನಾಂಕ ಬರೆಯಿರಿ. ಬೇಸಿಗೆಯಲ್ಲಿ ಭೋಸರಿಯ ಸೆಕೆಗೆ ಹೊರಗಿಟ್ಟು ಹಳತು ಮಾಡುವ ಸಾಹಸ ಬೇಡ.

2. ಚಿಕ್ಕ ಗಾತ್ರದ, 45ರಿಂದ 50 ಗ್ರಾಂ ತೂಕದ ಮೊಟ್ಟೆ ಆರಿಸಿ. ದೊಡ್ಡದಕ್ಕೆ ಖೀಮಾ ಹೆಚ್ಚು ಬೇಕು, ಒಳಗೆ ಬೇಯಲು ತಡ.

3. ಮೊಟ್ಟೆಯ ದಪ್ಪ ತುದಿ ಮೇಲಿರುವಂತೆ ಟ್ರೇಯಲ್ಲಿಡಿ. ಬೇಯಿಸುವ ಹಿಂದಿನ ರಾತ್ರಿ ಮಾತ್ರ ಅಡ್ಡ ಮಲಗಿಸಿ. ತುದಿಯ ಕಡೆ ಸರಿದ ಹಳದಿ ನಡುವಿಗೆ ಬರಲು ಇದು ಸಹಾಯ.

4. ಸಂಶಯ ಬಂದರೆ ನೀರಿನಲ್ಲಿ ಹಾಕಿ ನೋಡಿ. ಅಡ್ಡ ಮಲಗಿದರೆ ತೀರಾ ತಾಜಾ, ಒಂದು ತುದಿ ಸ್ವಲ್ಪ ಮೇಲೆದ್ದರೆ ನಮಗೆ ಬೇಕಾದ ವಯಸ್ಸು, ಪೂರ್ತಿ ತೇಲಿದರೆ ಬಿಸಾಡಿ. ಬಿರುಕು ಬಿಟ್ಟದ್ದನ್ನು ಈ ಕೆಲಸಕ್ಕೆ ಸೇರಿಸಲೇಬೇಡಿ.

5. ತಂದ ದಿನವೇ ತೊಳೆದಿಡಬೇಡಿ. ಒದ್ದೆ ಚಿಪ್ಪಿನ ರಂಧ್ರಗಳಿಂದ ಕೊಳೆ ಒಳಗೆ ಹೋಗಬಹುದು. ಬೇಯಿಸುವ ಮುಂಚೆ ತೊಳೆದರೆ ಸಾಕು.

ಎರಡನೆಯ ಪಾಠ: ಬೇಯಿಸುವುದು ಮತ್ತು ಸುಲಿಯುವುದು

ತಣ್ಣೀರಿನಲ್ಲಿ ಹಾಕಿ ಒಲೆಗೇರಿಸುವುದು ನಮ್ಮಲ್ಲಿ ರೂಢಿ. ಇದಕ್ಕೆ ಅದು ಸರಿಯಲ್ಲ. ನಿಧಾನವಾಗಿ ಬಿಸಿಯಾದರೆ ಬಿಳಿ ಪೊರೆಗೆ ಅಂಟುತ್ತದೆ. ಕುದಿಯುವ ನೀರಿಗೆ ಇಳಿಸಿದರೆ ಬಿಳಿಯ ಹೊರಭಾಗ ತಕ್ಷಣ ಗಟ್ಟಿಯಾಗಿ ಪೊರೆಯಿಂದ ಬಿಟ್ಟುಕೊಳ್ಳುತ್ತದೆ. ಫ್ರಿಜ್ಜಿನಿಂದ ನೇರ ಹಾಕಿದರೆ ಚಿಪ್ಪು ಒಡೆಯುತ್ತದೆ, ಆದ್ದರಿಂದ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಿ. ಝಾಲಿ ಬುಟ್ಟಿಯಲ್ಲಿ ಒಂದು ಸಲಕ್ಕೆ 30 ಮೊಟ್ಟೆ ಇಳಿಸಿ. ಪಾತ್ರೆ ದೊಡ್ಡದಿರಲಿ, ಕುದಿ ನಿಲ್ಲಬಾರದು.

ಮೊದಲ ನಾಲ್ಕು ನಿಮಿಷ ಸೌಟಿನ ಹಿಡಿಯಿಂದ ಮೆಲ್ಲಗೆ ಸುತ್ತ ತಿರುಗಿಸುತ್ತಿರಿ. ಮೊಟ್ಟೆ ಉರುಳುತ್ತಿದ್ದರೆ ಬಿಳಿ ಎಲ್ಲ ಕಡೆಯಿಂದ ಸಮನಾಗಿ ಗಟ್ಟಿಯಾಗಿ ಹಳದಿ ನಡುವೆ ನಿಲ್ಲುತ್ತದೆ. ಈ ಕೆಲಸಕ್ಕೆ ಒಬ್ಬ ಹುಡುಗ ಅಲ್ಲೇ ನಿಂತಿರಬೇಕು, ಗಿರಾಕಿ ಕರೆದರೂ ಹೋಗಬಾರದು. ಒಟ್ಟು 11 ನಿಮಿಷ ಸಾಕು. ನಮ್ಮ ಊರು ಸಮುದ್ರಮಟ್ಟದಿಂದ 550 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಉಡುಪಿಯಲ್ಲಿ ಕಲಿತ ಲೆಕ್ಕಕ್ಕೆ ಅರ್ಧ ನಿಮಿಷ ಸೇರಿಸಿದರೆ ನಷ್ಟವಿಲ್ಲ. ಆದರೆ 15 ನಿಮಿಷ ಕುದಿಸಬೇಡಿ. ಹೆಚ್ಚು ಹೊತ್ತು ಕುದಿದರೆ ಬಿಳಿಯಿಂದ ಗಂಧಕದ ಅನಿಲ ಹೊರಟು ಹಳದಿಯ ಕಬ್ಬಿಣಾಂಶದೊಂದಿಗೆ ಸೇರಿ ಸುತ್ತ ಹಸಿರುಗಪ್ಪು ಉಂಗುರ ಮೂಡುತ್ತದೆ. ತಿಂದರೆ ತೊಂದರೆ ಇಲ್ಲ, ಆದರೆ ಕಣ್ಣಿಗೆ ಹಳಸಿದಂತೆ ಕಾಣುತ್ತದೆ.

ಇಳಿಸಿದ ಕೂಡಲೇ ಐಸ್ ನೀರಿಗೆ ಹಾಕಿ, 15 ನಿಮಿಷ ಬಿಡಿ. ಇಲ್ಲಿ ಒಂದು ಎಚ್ಚರ. ಬೆಂದ ಮೊಟ್ಟೆ ತಣಿಯುವಾಗ ಒಳಗೆ ಕುಗ್ಗುತ್ತದೆ, ಸುತ್ತಲಿನ ನೀರನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತದೆ. ನೀರು ಕೆಟ್ಟದ್ದಾದರೆ ಬೇಯಿಸಿದ್ದೂ ವ್ಯರ್ಥ. ಕುಡಿಯುವ ನೀರು, ಕುಡಿಯುವ ನೀರಿನಿಂದಲೇ ಮಾಡಿದ ಐಸ್ ಬಳಸಿ. ಮೀನಿಗೆ ಹಾಕುವ ಐಸ್ ಇಲ್ಲಿಗೆ ಬರಕೂಡದು. ಹಸಿ ಮೊಟ್ಟೆ ಬಂದ ಕಾಗದದ ಟ್ರೇಯಲ್ಲಿ ಬೆಂದ ಮೊಟ್ಟೆ ಇಡುವ ಅಭ್ಯಾಸವನ್ನೂ ನಿಲ್ಲಿಸಿ. ಹಸಿ ಚಿಪ್ಪು ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆದ ಮೇಲೆಯೇ ಸುಲಿಯಲು ಕೂರಿಸಿ. ಮೊಟ್ಟೆಯಿಂದ ಬರುವ ಸಾಲ್ಮೊನೆಲ್ಲಾ ರೋಗಾಣು ಹೀಗೆ ಕೈಯಿಂದಲೇ ದಾಟುತ್ತದೆ.

ಸುಲಿಯುವಾಗ ಸುತ್ತಲೂ ಮೆಲ್ಲಗೆ ತಟ್ಟಿ, ದಪ್ಪ ತುದಿಯಿಂದ, ನೀರಿನೊಳಗೆ ಸುಲಿಯಬೇಕು. ವಯಸ್ಸು ಸರಿಯಿದ್ದ ಮೊಟ್ಟೆ ಸುಲಿಯಲು ಒಬ್ಬನಿಗೆ ಸುಮಾರು 25 ಸೆಕೆಂಡು ಹಿಡಿಯುತ್ತದೆ. 120 ಮೊಟ್ಟೆಗೆ 50 ನಿಮಿಷ. ಅಂಟಿದ ಮೊಟ್ಟೆಗೆ ಎರಡು ನಿಮಿಷವೂ ಹಿಡಿಯುತ್ತದೆ. 120ಕ್ಕೆ ನಾಲ್ಕು ಗಂಟೆ, ಅದೂ ಕಿತ್ತುಹೋದ ಮೊಟ್ಟೆ. ನನ್ನ ಆ ರಾತ್ರಿ ಕಳೆದದ್ದು ಈ ಲೆಕ್ಕದಲ್ಲೇ.

ಸುಲಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಕಿತ್ತುಹೋದವನ್ನು ಸಿಬ್ಬಂದಿಯ ಊಟದ ಅಂಡಾ ಮಸಾಲಾಕ್ಕೆ ಹಾಕಿ. ಕೋಫ್ತಾದೊಳಗೆ ಮುಚ್ಚಬೇಡಿ, ಹೋಳು ಮಾಡಿದಾಗ ಗುಟ್ಟು ರಟ್ಟಾಗುತ್ತದೆ.

ಮೂರನೆಯ ಪಾಠ: ಖೀಮಾ ಬಿರಿಯುವುದು ಯಾಕೆ

ಮಾಂಸ ಬೇಯುವಾಗ ಕುಗ್ಗುತ್ತದೆ. ಒಳಗಿರುವ ಮೊಟ್ಟೆ ಆಗಲೇ ಬೆಂದದ್ದು, ಅದು ಕುಗ್ಗುವುದಿಲ್ಲ. ಹೊರಗಿನ ಅಂಗಿ ಚಿಕ್ಕದಾಗುತ್ತದೆ, ಒಳಗಿನ ಮೈ ಹಾಗೆಯೇ ಇರುತ್ತದೆ. ಹೊದಿಕೆ ಎಲ್ಲಿ ತೆಳುವೋ ಅಲ್ಲಿ ಹರಿಯುತ್ತದೆ. ಇದನ್ನು ತಡೆಯಲು ಮೂರು ವಿಷಯ ಬೇಕು: ಖೀಮಾದಲ್ಲಿ ಅಂಟು, ಎಲ್ಲ ಕಡೆ ಒಂದೇ ದಪ್ಪ, ನೀರಿನ ಅಂಶ ಕಡಿಮೆ.

100 ಕೋಫ್ತಾಕ್ಕೆ ನಮ್ಮ ಅಳತೆ ಹೀಗಿದೆ. ಎರಡು ಸಲ ಯಂತ್ರಕ್ಕೆ ಹಾಕಿದ ಮಟನ್ ಖೀಮಾ 6 ಕಿಲೋ, ಹುರಿಗಡಲೆ ಪುಡಿ 300 ಗ್ರಾಂ, ಉಪ್ಪು 85 ಗ್ರಾಂ, ಶುಂಠಿ ಬೆಳ್ಳುಳ್ಳಿ ಪೇಸ್ಟ್ 150 ಗ್ರಾಂ, ಕಂದು ಬಣ್ಣಕ್ಕೆ ಹುರಿದು ಎಣ್ಣೆ ಬಸಿದ ಈರುಳ್ಳಿ 250 ಗ್ರಾಂ, ಗರಂ ಮಸಾಲೆ 30 ಗ್ರಾಂ, ಹಸಿಮೆಣಸು ಕೊತ್ತಂಬರಿ ಬೇಕಾದಷ್ಟು. ಒಂದು ಮೊಟ್ಟೆಗೆ 65 ಗ್ರಾಂ ಮಿಶ್ರಣದ ಉಂಡೆಯನ್ನು ತೂಗಿ ಇಡಿ. ಕಣ್ಣಳತೆ ಬೇಡ.

ಹಸಿ ಈರುಳ್ಳಿ ಹಾಕಿದರೆ ಅದು ನೀರು ಬಿಟ್ಟು ಎಲ್ಲವನ್ನೂ ಸಡಿಲ ಮಾಡುತ್ತದೆ. ಮೊದಲು ಖೀಮಾಕ್ಕೆ ಉಪ್ಪು ಮಾತ್ರ ಸೇರಿಸಿ ಐದು ನಿಮಿಷ ಚೆನ್ನಾಗಿ ನಾದಿ. ಉಪ್ಪು ಮಾಂಸದ ಪ್ರೋಟೀನನ್ನು ಹೊರಗೆಳೆದು ಅಂಟು ಬರಿಸುತ್ತದೆ. ಅಂಗೈಗೆ ಹಿಡಿದು ಕೆಳಗೆ ತಿರುಗಿಸಿದರೆ ಬೀಳದಿದ್ದರೆ ಹದ ಬಂದಂತೆ. ಆಮೇಲೆ ಉಳಿದದ್ದನ್ನು ಸೇರಿಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಪಪಾಯಿಕಾಯಿ ಬೇಡವೇ ಬೇಡ. ಅದರ ಗುಣವೇ ಪ್ರೋಟೀನನ್ನು ಒಡೆಯುವುದು. ತುಂಡು ಮಾಂಸಕ್ಕೆ ಒಳ್ಳೆಯದು. ಖೀಮಾದಲ್ಲಿ ನಾವು ಕಷ್ಟಪಟ್ಟು ಬರಿಸಿದ ಅಂಟನ್ನೇ ಅದು ತಿಂದುಹಾಕುತ್ತದೆ.

ಸುಲಿದ ಮೊಟ್ಟೆಯನ್ನು ಶುಭ್ರ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಮೈದಾದಲ್ಲಿ ಉರುಳಿಸಿ, ಹೆಚ್ಚಾದದ್ದನ್ನು ಕೊಡವಿ. ಒದ್ದೆ ಮೊಟ್ಟೆಗೆ ಖೀಮಾ ಹಿಡಿಯುವುದಿಲ್ಲ, ನಡುವಿನ ನೀರು ಆವಿಯಾಗಿ ಹೊದಿಕೆಯನ್ನು ತಳ್ಳುತ್ತದೆ. ಅಂಗೈಗೆ ಎಣ್ಣೆ ಸವರಿ ಉಂಡೆಯನ್ನು ತಟ್ಟಿ, ಮೊಟ್ಟೆ ಇಟ್ಟು ಮುಚ್ಚಿ. ಸುತ್ತ ಸುಮಾರು 8 ಮಿಲಿಮೀಟರ್ ದಪ್ಪ ಇರಲಿ. ಬೆಸುಗೆಯ ಗೆರೆ ಪೂರ್ತಿ ಮಾಯವಾಗುವ ತನಕ ಉರುಳಿಸಿ. ಕರಿಯುವ ಮುಂಚೆ ಇನ್ನೊಮ್ಮೆ ಅರ್ಧ ಗಂಟೆ ತಣ್ಣಗಿಡಿ.

ನಾಲ್ಕನೆಯ ಪಾಠ: ಎಣ್ಣೆ, ಚಾಕು ಮತ್ತು ಸಾಗಾಟ

ಎಣ್ಣೆ 160ರಿಂದ 165 ಡಿಗ್ರಿ ಇರಲಿ. ಥರ್ಮಾಮೀಟರ್ ದುಬಾರಿ ಸಾಮಾನಲ್ಲ. ಒಂದು ಕಡಾಯಿಗೆ ಎಂಟು ಕೋಫ್ತಾ, ಏಳು ನಿಮಿಷ. ಎಣ್ಣೆ ಮತ್ತೆ ಕಾಯಲು ಮೂರು ನಿಮಿಷ. ಈ ಲೆಕ್ಕದಲ್ಲಿ 100 ಕೋಫ್ತಾಕ್ಕೆ 13 ಘಾಣ, ಎರಡು ಗಂಟೆಗೂ ಹೆಚ್ಚು. ಅವಸರಕ್ಕೆ ಉರಿ ಜೋರು ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಖೀಮಾದ ಒಳಭಾಗ 75 ಡಿಗ್ರಿ ಮುಟ್ಟಲೇಬೇಕು.

ದೊಡ್ಡ ಆರ್ಡರಿಗೆ ನಾನು ಈಗ ಮೊದಲು 12 ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಎರಡು ನಿಮಿಷ ಕರಿದು ಬಣ್ಣ ತರಿಸುತ್ತೇನೆ. ಆಕಾರ ನಿಲ್ಲುತ್ತದೆ, ಕರಿಯುವ ಹೊತ್ತು ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಬೆಳಗ್ಗೆ ಇಡ್ಲಿ ಬೇಯಿಸುವ ಸ್ಟೀಮರಿನಲ್ಲಿ ಸಂಜೆ ಮಾಂಸ ಇಡಬೇಡಿ. ನಮ್ಮ ಇಡ್ಲಿಯನ್ನು ನಂಬಿ ಬರುವ ಸಸ್ಯಾಹಾರಿ ಗಿರಾಕಿಗೆ ಅದು ದ್ರೋಹ. ಬೇರೆ ಪಾತ್ರೆಯೇ ಇರಲಿ.

ಕರಿದ ಎಣ್ಣೆಯಲ್ಲಿ ಮಾಂಸದ ಚೂರು ಉಳಿದರೆ ಅದು ಬೇಗ ಕೆಡುತ್ತದೆ, ಪ್ರತಿ ಘಾಣಕ್ಕೂ ಝಾರಿಯಲ್ಲಿ ತೆಗೆಯಿರಿ. ಎಫ್ಎಸ್ಎಸ್ಎಐ ನಿಯಮದಂತೆ 2018ರ ಜುಲೈ 1ರಿಂದ, ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು ಶೇಕಡಾ 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬುದೂ ನೆನಪಿರಲಿ.

ಹೋಳು ಮಾಡುವುದು ಕೊನೆಯ ಪರೀಕ್ಷೆ. ಕರಿದು ಹತ್ತು ನಿಮಿಷ ಬಿಟ್ಟು, ತೆಳುವಾದ ಹರಿತ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒಂದೇ ಎಳೆತದಲ್ಲಿ ಕತ್ತರಿಸಿ. ಪ್ರತಿ ಸಲ ಚಾಕು ಒರೆಸಿ, ಇಲ್ಲದಿದ್ದರೆ ಹಳದಿ ಬಿಳಿಗೆ ಮೆತ್ತುತ್ತದೆ. ಗ್ರೇವಿಯನ್ನು ತಟ್ಟೆಗೆ ಹಾಕಿ ಅದರ ಮೇಲೆ ಹೋಳುಗಳನ್ನು ಹಳದಿ ಮೇಲಾಗಿ ಕೂರಿಸಿ. ಮೇಲಿನಿಂದ ಸುರಿಯಬೇಡಿ.

ಪಾರ್ಸೆಲ್ ಆದರೆ ಗ್ರೇವಿ ಬೇರೆ ಡಬ್ಬ, ಕೋಫ್ತಾ ಬೇರೆ ಟ್ರೇ, ಅದೂ ಇಡಿಯಾಗಿ, ಒಂದೇ ಪದರ. ನಾಸಿಕ್ ರಸ್ತೆಯ ಕುಲುಕಾಟ ನಿಮಗೆ ಗೊತ್ತೇ ಇದೆ. ಎರಡೂ ಬಿಸಿಯಾಗಿಯೇ ಹೋಗಲಿ, ಉಗುರುಬೆಚ್ಚಗೆ ಗಂಟೆಗಟ್ಟಲೆ ಇಡುವುದು ಅಪಾಯ. ಇಡೀ ಕೋಫ್ತಾವನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಬಾರದು, ಒಳಗಿನ ಮೊಟ್ಟೆ ಸಿಡಿಯುತ್ತದೆ ಎಂದು ಒಯ್ಯುವವರಿಗೆ ಬಾಯಿಬಿಟ್ಟು ಹೇಳಿ.

ರೇಟು ಹೇಳುವ ಮೊದಲು

100 ಕೋಫ್ತಾಕ್ಕೆ 120 ಮೊಟ್ಟೆ, ಅಂದರೆ ನಾಲ್ಕು ಟ್ರೇ ಹಿಡಿಯಿರಿ. ಆರರಲ್ಲಿ ಒಂದು ಕೆಟ್ಟಿತೆಂದೇ ಲೆಕ್ಕ. ಮೊಟ್ಟೆ ಸಮನ್ವಯ ಸಮಿತಿ, ಅಂದರೆ 1982ರಲ್ಲಿ ಶುರುವಾದ ಎನ್ಇಸಿಸಿ, ನಮ್ಮ ಪುಣೆಯಲ್ಲೇ ಕೇಂದ್ರ ಕಚೇರಿ ಇರುವ ಸಂಸ್ಥೆ. ಅದು ದಿನವೂ ನೂರು ಮೊಟ್ಟೆಯ ದರ ಪ್ರಕಟಿಸುತ್ತದೆ. ಶ್ರಾವಣದಲ್ಲಿ ಬೇಡಿಕೆ ಇಳಿಯುತ್ತದೆ, ಚಳಿಗಾಲದಲ್ಲಿ ಏರುತ್ತದೆ. ಡಿಸೆಂಬರ್ 31ರ ಆರ್ಡರಿಗೆ ಆಗಸ್ಟ್ ತಿಂಗಳ ದರದಲ್ಲಿ ಮಾತು ಕೊಟ್ಟರೆ ಕೈಯಿಂದ ಹೋಗುತ್ತದೆ.

ಮೊಟ್ಟೆಗಿಂತ ದೊಡ್ಡ ಖರ್ಚು ಕೈಕೆಲಸದ್ದು. ಸುಲಿಯಲು 50 ನಿಮಿಷ, ಹೊದಿಸಲು ಒಂದಕ್ಕೆ ಒಂದು ನಿಮಿಷದಂತೆ ಸುಮಾರು ಎರಡು ಗಂಟೆ, ಹಬೆ ಮತ್ತು ಕರಿಯುವುದು ಒಂದೂವರೆ ಗಂಟೆ. ನುರಿತ ಇಬ್ಬರು ಕೌಂಟರಿನ ಕೆಲಸ ಬಿಟ್ಟು ಅರ್ಧ ದಿನ ಇದಕ್ಕೇ ನಿಲ್ಲಬೇಕು. ಆ ಸಂಬಳ ನಿಮ್ಮ ರೇಟಿನಲ್ಲಿ ಸೇರಿದೆಯೇ ನೋಡಿಕೊಳ್ಳಿ. ಈದ್ ಆರ್ಡರ್ ಆದರೆ ಮಾಂಸ ಯಾವ ಅಂಗಡಿಯದ್ದೆಂದು ಗಿರಾಕಿಯನ್ನೇ ಕೇಳಿ, ಅವರು ನಂಬುವ ಹಲಾಲ್ ಅಂಗಡಿಯಿಂದಲೇ ತನ್ನಿ.

ಹತ್ತು ದಿನ ಮೊದಲು ಅಡ್ವಾನ್ಸ್ ಬರದ ನರ್ಗಿಸಿ ಆರ್ಡರನ್ನು ನಾನು ಈಗ ಹಿಡಿಯುವುದಿಲ್ಲ. ಮೊಟ್ಟೆಗೆ ವಯಸ್ಸಾಗಲು ಅಷ್ಟು ದಿನ ಬೇಕು. ಅವಸರದ ಗಿರಾಕಿಗೆ ಮಟನ್ ಕೋಫ್ತಾ ಕರಿ, ಅಂಡಾ ಕರಿ ಬೇರೆ ಬೇರೆಯಾಗಿ ಮಾಡಿಕೊಡುತ್ತೇನೆ ಎನ್ನುತ್ತೇನೆ. ಇಬ್ಬರು ಕೆಲಸಗಾರರಿಗೆ 100, ನಾಲ್ವರಿಗೆ 200. ಅದರ ಮೇಲೆ ಒಂದೂ ಇಲ್ಲ. ಗಿರಾಕಿಗೆ 'ಆಗುವುದಿಲ್ಲ' ಎಂದು ಹೇಳಲು ನಮಗೆ ನಾಚಿಕೆ. ಆದರೆ ಆರ್ಡರ್ ಬಿಟ್ಟುಕೊಟ್ಟರೆ ಒಂದು ದಿನದ ಲಾಭ ಹೋಗುತ್ತದೆ, ಆರ್ಡರ್ ಕೆಡಿಸಿದರೆ ಒಬ್ಬರ ಮನೆಯ ಹಬ್ಬ ಹೋಗುತ್ತದೆ. ಅದನ್ನು ತುಂಬಿಕೊಡುವ ದಾರಿ ಯಾವ ಹೋಟೆಲಿನವನ ಹತ್ತಿರವೂ ಇಲ್ಲ.

ಆ ಫೋರ್‌ಮನ್ ನಿವೃತ್ತರಾಗಿ ಊರಿಗೆ ಹೋಗುವ ಮುಂಚಿನ ಈದ್‌ಗೆ ನಾನೇ ಅವರ ಮನೆಗೆ 40 ಕೋಫ್ತಾ ತೆಗೆದುಕೊಂಡು ಹೋದೆ. ಹಣ ತೆಗೆದುಕೊಳ್ಳಲಿಲ್ಲ. ಅವರು ಒಂದನ್ನು ಹೋಳು ಮಾಡಿ, ತಟ್ಟೆಯನ್ನು ಬೆಳಕಿಗೆ ತಿರುಗಿಸಿ ನೋಡಿ, ಮೊಮ್ಮಗನನ್ನು ಕರೆದು ತೋರಿಸಿದರು.

ಸದಸ್ಯರು ಮೊದಲು ಒಂದು ಟ್ರೇ ಮೊಟ್ಟೆಯಲ್ಲಿ, ಆರ್ಡರ್ ಇಲ್ಲದ ದಿನ, ಮಾಡಿ ನೋಡಿ. ಎಷ್ಟು ಕೆಟ್ಟವು ಎಂದು ಬರೆದಿಡಿ. ಆ ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ಹಬ್ಬದ ಆರ್ಡರಿಗೆ ಧೈರ್ಯವಾಗಿ ರೇಟು ಹೇಳಬಹುದು.